ಹೇಂಟೆಯ ಕಾಲಿಗೆ ಬೆಚ್ಚನೆಯ ನೀರು

ಆಷಾಢದ ಮಳೆ ಒಂದಿಷ್ಟು ಹೊಳವಾಗಿದೆ. ಬಚ್ಚಲೊಲೆಯ ಹೊಗೆ ಹೆಂಚಿನ ಸಂದಿಯಿಂದ ನುಸುಳಿ ಅಡಕೆ ತೋಟದ ಕಡೆಗೆ ಹರಡುತ್ತಿದೆ. ಹಿತ್ತಲ ತುಂಬಾ ಕೊಳೆತ ಅಡಕೆಸಿಪ್ಪೆಯ, ಒದ್ದೆ ದರಗಿನ ವಾಸನೆ. ಕೋಳಿಗಳೆಲ್ಲ ಗೊಬ್ಬರಗುಂಡಿಯ ಅಂಚನ್ನು ಕೆದಕಿ ಎರೆಹುಳಕ್ಕೆ ಕಿತ್ತಾಡುತ್ತಿದ್ದರೆ, ದಪ್ಪನೆಯ ಗಿರಿರಾಜ ಹೇಂಟೆಯೊಂದು ಮಾತ್ರ ಬಲಗಾಲನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಂಡು ಕಟ್ಟೆಯ ಪಕ್ಕದಲ್ಲೇ ನಿಂತಿದೆ.

ಅಜ್ಜಿ ಅದನ್ನು ಎತ್ತಿ ಹಳೇ ಟವೆಲಿನಲ್ಲಿ ಸುತ್ತಿ ಮೊಮ್ಮಗನ ತೊಡೆಯ ಮೇಲಿಡುತ್ತಾರೆ. ಕಣ್ಣಿಗೆ ಬಟ್ಟೆ ಮುಚ್ಚಿದ್ದೇ ತಡ, ಕೊಕ್ಕೊಕ್ಕೋ ನಿಲ್ಲುತ್ತದೆ.

"ಎದೆ ಅಮುಕ್ಬೇಡ ಮಗಾ, ಉಸಿರು ಕಟ್ತದೆ."

ಅಜ್ಜಿಯ ಮಾತು ಸುಳ್ಳಲ್ಲ. ಕೋಳಿಗೆ ನಮ್ಮಂತೆ ವಪೆಯಿಲ್ಲ, ಎದೆಗೂಡು ಆಡಿದರಷ್ಟೇ ಉಸಿರು.

ಪಂಜ ಮಗುಚಿದರೆ ಅಂಗಾಲಿನ ನಡುವೆ ಬಾವು, ಅದರ ನೆತ್ತಿಯಲ್ಲಿ ಮೆಣಸಿನಕಾಳಿನಷ್ಟು ಕರಿ ಹಕ್ಕಳೆ. ಸುತ್ತಲ ಚರ್ಮ ಕೆಂಪಗೆ, ಬಿಗಿಯಾಗಿ, ಮುಟ್ಟಿದರೆ ಬಿಸಿ. ಬಂಬಲ್‌ಫುಟ್ ಎಂದು ಪಶುವೈದ್ಯರು ಕರೆಯುವುದು ಇದನ್ನೇ. ಮುಳ್ಳೋ ಕಲ್ಲೋ ತಾಗಿ ಆದ ಸಣ್ಣ ಗಾಯದೊಳಗೆ ಹೆಚ್ಚಾಗಿ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ. ಗಿಣ್ಣಿನಂತೆ ಗಟ್ಟಿ ಕಟ್ಟಿ ಒಳಗೇ ಕೂರುತ್ತದೆ. ಹಿಸುಕಿದರೆ ಸೋಂಕು ಇನ್ನೂ ಆಳಕ್ಕಿಳಿಯುವುದೇ ಹೊರತು ಹೊರಗೆ ಬರುವುದು ಕಡಿಮೆ.

ಬೇಸಿನ್ನಿನಲ್ಲಿ ಕೈ ತಾಳುವಷ್ಟು ಬೆಚ್ಚನೆಯ ನೀರು, ಅದಕ್ಕೆ ಹಿಡಿ ಎಪ್ಸಮ್ ಸಾಲ್ಟ್. ಕಾಲು ನೀರಿಗಿಳಿದಾಗ ಹೇಂಟೆ ಒಮ್ಮೆ ಕೊಸರಿ, ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತದೆ. 10–15 ನಿಮಿಷ ಹೀಗೇ ಕೂರಬೇಕು. ಅದು ಆ ನೀರಿಗೆ ಕೊಕ್ಕಿಡದಂತೆ ಹುಡುಗನ ಕೈ ಅಡ್ಡವಿದೆ. ಕುಡಿದರೆ ಭೇದಿ ಶುರುವಾದೀತು.

ಕೈಗವಸು ತೊಟ್ಟ ಅಜ್ಜಿ, ಮೆತ್ತಗಾದ ಕೊಳೆಯನ್ನು ಹತ್ತಿಯಿಂದ ಒರೆಸುತ್ತಾರೆ. ಈ ಸೋಂಕು ಮನುಷ್ಯರ ಗಾಯಕ್ಕೂ ಅಂಟಬಹುದು, ಹಾಗಾಗಿ ಗವಸು ಬೇಕೇ ಬೇಕು. ಹಕ್ಕಳೆ ತಾನಾಗಿ ಸಡಿಲಿದಷ್ಟು ಬಂತು, ಉಳಿದದ್ದನ್ನು ಕೀಳುವುದಿಲ್ಲ. ಬ್ಲೇಡು ಹಿಡಿಯುವ ಧೈರ್ಯವಂತರು ಊರಿಗೊಬ್ಬರು ಇರುತ್ತಾರೆ. ಅರಿವಳಿಕೆ ಕೊಡದೆ ಕಾಲು ಕೊಯ್ಯುವುದು ಹಿಂಸೆ, ಮದ್ದಲ್ಲ ಎಂದೇ ನನಗನ್ನಿಸುವುದು. ಬಾವು ಬೆಳೆಯುತ್ತಿದ್ದರೆ, ಹಕ್ಕಿ ಮೇವು ಬಿಟ್ಟರೆ ಪಶು ಆಸ್ಪತ್ರೆಗೇ ಒಯ್ಯಬೇಕು. ಆ್ಯಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದೂ ಅಲ್ಲೇ ಕೇಳಿಕೊಳ್ಳಬೇಕು.

ಕಾಲು ಒಣಗಿಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಗಾಜ್ ಬಟ್ಟೆಯ ಮಡಿಕೆಯನ್ನು ಅಂಗಾಲಿಗಿಟ್ಟು, ಪಟ್ಟಿಯನ್ನು ಬೆರಳುಗಳ ನಡುವೆ ಹಾಯಿಸಿ ಕಣಕಾಲಿಗೆ ಸುತ್ತುತ್ತಾರೆ. ಬಿಗಿಯಾದರೆ ಬೆರಳು ಊದುತ್ತದೆ, ಸಡಿಲವಾದರೆ ಸಂಜೆಯೊಳಗೆ ಕೊಕ್ಕಿನಿಂದಲೇ ಬಿಚ್ಚಿ ಎಸೆದಿರುತ್ತದೆ. ದಿನಕ್ಕೊಮ್ಮೆಯೋ ದಿನ ಬಿಟ್ಟು ದಿನವೋ ಪಟ್ಟಿ ಬದಲಿಸಬೇಕು, ಪೂರ್ತಿ ಮಾಯಲು ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಹೇಂಟೆಗೆ ಒಣಹುಲ್ಲು ಹಾಸಿದ ಮಂಕರಿಯೇ ಬಿಡಾರ.

ಇಷ್ಟಾದರೂ ಗೂಡು ನೋಡದಿದ್ದರೆ ಕೆಲಸ ಅರ್ಧವೇ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಈ ಗಿರಿರಾಜ ತಳಿ ನಾಟಿಕೋಳಿಗಿಂತ ಬಹಳ ತೂಕದ್ದು, ಹಾರುವುದಕ್ಕಿಂತ ಧುಮುಕುವುದೇ ಜಾಸ್ತಿ. ಆಳೆತ್ತರದ ಗಳದಿಂದ ದಿನಾ ಬೆಳಿಗ್ಗೆ ಗಟ್ಟಿ ನೆಲಕ್ಕೆ ಬಿದ್ದರೆ ಅಂಗಾಲು ಎಷ್ಟೆಂದು ತಾಳೀತು? ಮೊಮ್ಮಗ ಗಳ ಇಳಿಸಿ ಮೊಣಕಾಲೆತ್ತರಕ್ಕೆ ಕಟ್ಟುತ್ತಿದ್ದಾನೆ, ಅದರ ಗಿಣ್ಣಿನ ಚೂಪುಗಳನ್ನು ಕತ್ತಿಯಿಂದ ಸವರುತ್ತಿದ್ದಾನೆ. ಅಜ್ಜಿ ಒದ್ದೆ ಹೊಟ್ಟು ಬಾಚಿ ಬುಟ್ಟಿಗೆ ತುಂಬಿ, ಉಳಿದ ಕೋಳಿಗಳ ಪಂಜಗಳನ್ನೂ ಒಂದೊಂದಾಗಿ ಮಗುಚಿ ನೋಡಲು ಕೂತಿದ್ದಾರೆ.