ಟೈಮ್ ಝೋನ್ ಪಟ್ಟಿಯಲ್ಲಿ ನಮ್ಮ ಊರು ಯಾಕಿಲ್ಲ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ಕೊಳ್ತೀವಿ ಅನ್ನೋರಿಗಾಗಿ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ.

ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಶುರು ಮಾಡ್ತೀನಿ. ಪುಣೆಯಲ್ಲಿರುವ ನನ್ನ ಅಕ್ಕನ ಮಗನಿಗೆ ಹೊರದೇಶದ ಕಂಪನಿಯೊಂದರ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಸಮಯ ಬುಕ್ ಮಾಡುವ ಪುಟ ಟೈಮ್ ಝೋನ್ ಕೇಳಿತು. 'ಪುಣೆ' ಅಂತ ಹುಡುಕಿದ, ಇಲ್ಲ. 'ಮುಂಬೈ', ಇಲ್ಲ. 'ಇಂಡಿಯಾ', ಅದೂ ಇಲ್ಲ. 'ಯುಟಿಸಿ +5' ಕಂಡಿತು. ಹತ್ತಿರದ್ದು ಇದೇ ಅಲ್ವಾ ಅಂತ ಅದನ್ನೇ ಒತ್ತಿ, ಸಂಜೆ 7 ಗಂಟೆ ಆರಿಸಿದ. ಆ ದಿನ 7ಕ್ಕೆ ಕೂತು 25 ನಿಮಿಷ ಕಾದ. ಯಾರೂ ಬರಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿದ. ಅವರು 7:30ಕ್ಕೆ ಬಂದಿದ್ದರು. +5ರ ಲೆಕ್ಕದ 7 ಗಂಟೆ ಅಂದ್ರೆ ನಮ್ಮ +5:30ರಲ್ಲಿ ಏಳೂವರೆ! 'ಅಭ್ಯರ್ಥಿ ಹಾಜರಿರಲಿಲ್ಲ' ಅಂತ ಮೇಲ್ ಬಂತು, ಕೆಲಸ ಕೈತಪ್ಪಿತು. "ಮಾಮಾ, ನಂದೇನು ತಪ್ಪು?" ಅಂತ ಕೇಳಿದ. ನನ್ನ ಪ್ರಕಾರ ದೊಡ್ಡ ತಪ್ಪು ಆ ಪಟ್ಟಿ ಮಾಡಿದವರದ್ದು.

ಯಾಕಂದ್ರೆ ಭಾರತ ಆ ಪಟ್ಟಿಯಲ್ಲಿತ್ತು, 'ಏಷ್ಯಾ/ಕೋಲ್ಕತಾ' ಅನ್ನೋ ಹೆಸರಲ್ಲಿ.

ಈ ಹೆಸರು ಎಲ್ಲಿಂದ ಬಂತು? ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರು ಮಾಡಿದ ಒಂದು ಡೇಟಾಬೇಸ್ ಇದೆ. 2011ರಿಂದ ಅದು ಐಎಎನ್‌ಎ ಸಂಸ್ಥೆಯ ಆಶ್ರಯದಲ್ಲಿದೆ. ಲಿನಕ್ಸ್, ಆಂಡ್ರಾಯ್ಡ್ ಎಲ್ಲವೂ ಇದನ್ನೇ ನಂಬಿವೆ. ಇದರಲ್ಲಿ ಒಂದೇ ಗಡಿಯಾರ ನಡೆಸುವ ಪ್ರದೇಶಕ್ಕೆ ಒಂದು ಊರಿನ ಹೆಸರು, ಸಾಮಾನ್ಯವಾಗಿ ಹೆಚ್ಚು ಜನ ಇರುವ ಊರಿನದ್ದು. ನಮ್ಮ ದೇಶಕ್ಕೆಲ್ಲ ಒಂದೇ ಗಡಿಯಾರ, ಹಾಗಾಗಿ ಒಂದೇ ಹೆಸರು. ಇದು ಕಂಪ್ಯೂಟರ್‌ಗೆ ಇಟ್ಟ ಗುರುತು, ಜನರಿಗೆ ತೋರಿಸೋಕೆ ಮಾಡಿದ್ದಲ್ಲ. ಅದನ್ನ ಹಾಗೇ ಎತ್ತಿ ಪಟ್ಟಿಯಲ್ಲಿ ಸುರಿದರೆ ಪುಣೆಯ ಹುಡುಗನಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ತಮಾಷೆ ಇದೆ. ಮೊದಲು ಅದು 'ಏಷ್ಯಾ/ಕಲ್ಕತ್ತಾ' ಆಗಿತ್ತು. ಊರಿನ ಹೆಸರು 2001ರಲ್ಲಿ ಬದಲಾಯ್ತು, ಡೇಟಾಬೇಸ್‌ನಲ್ಲಿ 2008ರಲ್ಲಿ. ಹಳೇ ಹೆಸರು ಅಡ್ಡಹೆಸರಾಗಿ ಉಳಿದುಕೊಂಡಿದೆ. ಬ್ರೌಸರ್‌ಗಳಲ್ಲೂ ಒಮ್ಮತ ಇಲ್ಲ. ಕ್ರೋಮ್ ಬಹುಕಾಲ ಕಲ್ಕತ್ತಾ ಅಂತಲೇ ಹೇಳ್ತಾ ಬಂತು, ಫೈರ್‌ಫಾಕ್ಸ್ ಕೋಲ್ಕತಾ ಅಂತು. ನಿಮ್ಮ ಪಟ್ಟಿಯಲ್ಲಿ ಒಂದೇ ಹೆಸರಿದ್ದು, ಬ್ರೌಸರ್ ಇನ್ನೊಂದನ್ನ ಕೊಟ್ಟರೆ ಆಯ್ಕೆ ಖಾಲಿ ಬೀಳುತ್ತೆ. ಎರಡೂ ಒಂದೇ ಅಂತ ಕೋಡ್‌ಗೆ ತಿಳಿದಿರಬೇಕು.

ಹಾಗಾದ್ರೆ ಐಎಸ್‌ಟಿ ಅಂತ ಬರೆದಿಟ್ಟರೆ ಸಾಲದಾ? ಸಾಲದು. ಭಾರತ, ಇಸ್ರೇಲ್, ಐರ್ಲೆಂಡ್ ಮೂರಕ್ಕೂ ಐಎಸ್‌ಟಿ ಇದೆ. +5:30, −5 ಅಂತ ಅಂಕಿ ಇಟ್ಟರೆ? ನಮಗೆ ನಡೆದೀತು, ನ್ಯೂಯಾರ್ಕ್‌ಗೆ ನಡೆಯಲ್ಲ. ಅಲ್ಲಿ ಚಳಿಗಾಲದಲ್ಲಿ −5. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ −4. ಅಲ್ಲಿನ ಬೆಳಿಗ್ಗೆ 9ರ ಮೀಟಿಂಗ್ ನಮಗೆ ಚಳಿಗಾಲದಲ್ಲಿ ಸಂಜೆ 7:30, ಬೇಸಿಗೆಯಲ್ಲಿ 6:30. ಅಂಕಿ ಮಾತ್ರ ಉಳಿಸಿಟ್ಟವರು ಮಾರ್ಚ್‌ನಲ್ಲಿ ಒಂದು ಗಂಟೆ ತಪ್ಪುತ್ತಾರೆ.

ಟೈಮ್ ಅನ್ನೋದು ಸೂರ್ಯನಷ್ಟೇ ಸರ್ಕಾರದ ವಿಷಯವೂ ಹೌದು. 1906ರಲ್ಲಿ ಐಎಸ್‌ಟಿ ಬಂದ ಮೇಲೂ ಮುಂಬೈ ದಶಕಗಳ ಕಾಲ 39 ನಿಮಿಷ ಹಿಂದಿನ ತನ್ನದೇ ಟೈಮ್ ಇಟ್ಟುಕೊಂಡಿತ್ತು. ಮೆಕ್ಸಿಕೋ 2022ರಲ್ಲಿ ದೇಶದ ಬಹುಭಾಗದಲ್ಲಿ ಬೇಸಿಗೆ ಟೈಮ್ ಕೈಬಿಟ್ಟಿತು. ಅದಕ್ಕೇ, ಆಗಿಹೋದ ಘಟನೆಗೆ ಯುಟಿಸಿ ಸಮಯ ಸಾಕು. ಮುಂದೆ ನಡೆಯುವ ಮೀಟಿಂಗ್‌ಗೆ ಸ್ಥಳೀಯ ಸಮಯ ಮತ್ತು ಝೋನ್ ಹೆಸರು ಎರಡನ್ನೂ ಉಳಿಸಿ. ಡೇಟಾಬೇಸ್ ಅಪ್‌ಡೇಟ್ ಮಾಡ್ತಾ ಇರಿ.

ಆ್ಯಪ್ ಬರೆಯುವವರಿಗೆ ಇಷ್ಟೇ ಹೇಳೋದು. ಬ್ರೌಸರ್ ಹೇಳಿದ ಝೋನ್ ಮೊದಲೇ ತುಂಬಿ, ಆದ್ರೆ ಬದಲಿಸೋಕೆ ಬಿಡಿ. ಪುಣೆ, ಚೆನ್ನೈ, ಹೈದರಾಬಾದ್, ಇಂಡಿಯಾ, ಏನು ಟೈಪ್ ಮಾಡಿದ್ರೂ 'ಭಾರತ' ಸಿಗಲಿ. ಪಕ್ಕದಲ್ಲೇ 'ಅಲ್ಲಿ ಈಗ ಗಂಟೆ ಇಷ್ಟು' ಅಂತ ತೋರಿಸಿ. ಈ ಒಂದು ಸಾಲು ಇದ್ದಿದ್ರೆ ನಮ್ಮ ಹುಡುಗ ಗೋಡೆ ಗಡಿಯಾರ ನೋಡಿ ಅರ್ಧ ಗಂಟೆ ವ್ಯತ್ಯಾಸ ಹಿಡೀತಿದ್ದ.

ಬಳಸುವವರಿಗೆ: ಊರು ಸಿಗದಿದ್ರೆ ಕೋಲ್ಕತಾ ಹುಡುಕಿ, ಇಲ್ಲಾಂದ್ರೆ ಕಲ್ಕತ್ತಾ. +5:30 ಕಾಣುವವರೆಗೂ ಒತ್ತಬೇಡಿ. ಕನ್ಫರ್ಮೇಷನ್ ಮೇಲ್‌ನಲ್ಲಿ ಸಮಯ ಇನ್ನೊಮ್ಮೆ ನೋಡಿ.

ನಿಮ್ಮ ಮನೆಯಲ್ಲಿ ಇಂಟರ್‌ವ್ಯೂಗೆ ತಯಾರಾಗ್ತಿರೋ ಮಕ್ಕಳಿದ್ರೆ ಇದನ್ನ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.