ಗ್ರೇಟ್ ಆಲಿಗೇನಿ ಪ್ಯಾಸೇಜ್: ಕಂಬರ್‌ಲ್ಯಾಂಡಿನಿಂದ ಜಲವಿಭಾಜಕದವರೆಗೆ

ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡಿನವರೆಗೆ ಸುಮಾರು 150 ಮೈಲಿ ಉದ್ದದ ಸೈಕಲ್ ದಾರಿಯೊಂದಿದೆ. ಹೆಸರು ಗ್ರೇಟ್ ಆಲಿಗೇನಿ ಪ್ಯಾಸೇಜ್. ಕೈಬಿಟ್ಟ ರೈಲುಮಾರ್ಗಗಳ ಜಾಡಿನಲ್ಲಿ ಸುಣ್ಣಕಲ್ಲಿನ ಪುಡಿ ಹಾಸಿ ಮಾಡಿದ ಈ ದಾರಿ 2013ರಲ್ಲಿ ಪೂರ್ಣಗೊಂಡಿತು. ಇದರ ಬಹುಭಾಗ ಸುಲಭ. ಪೂರ್ವದ ತುದಿಯ 24 ಮೈಲಿ ಮಾತ್ರ ಹಾಗಲ್ಲ. ಅಲ್ಲಿ ನಾನು ಒಮ್ಮೆ ಸೋತು ಹಿಂದಿರುಗಿರುವುದರಿಂದ ಆ ಭಾಗದ ಬಗ್ಗೆಯೇ ಬರೆಯುತ್ತೇನೆ.

ಕಂಬರ್‌ಲ್ಯಾಂಡಿನಿಂದ ಹೊರಟವರು ಜಲವಿಭಾಜಕವನ್ನು ಮುಟ್ಟುವಷ್ಟರಲ್ಲಿ ಸುಮಾರು 1,750 ಅಡಿ ಏರಿರುತ್ತಾರೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಜಾರುವುದರಿಂದ ರೈಲು ಕಡಿದಾದ ಏರನ್ನು ಹತ್ತಲಾರದು. ಹಾಗಾಗಿ ಮಾರ್ಗವನ್ನು ಬೆಟ್ಟದ ಮಗ್ಗುಲಲ್ಲಿ ಬಳಸಿ ತಂದು, ನೂರು ಅಡಿಗೆ ಎರಡು ಅಡಿಯೊಳಗೇ ಏರುವಂತೆ ಕಟ್ಟಿದರು. ಕಣ್ಣಿಗೆ ಇದು ಸಮತಟ್ಟಾಗಿ ಕಾಣುತ್ತದೆ. ಮೋಸ ಇರುವುದೂ ಅಲ್ಲಿಯೇ. ಸಾಮಾನ್ಯ ರಸ್ತೆಯಲ್ಲಿ ದಿಬ್ಬ ಹತ್ತಿದ ಮೇಲೆ ಇಳಿಜಾರು ಬಂದು ಕಾಲಿಗೆ ಬಿಡುವು ಕೊಡುತ್ತದೆ. ಇಲ್ಲಿ ಆ ಬಿಡುವಿಲ್ಲ.

ಮೊದಲ ಸಲ ನಾನು ಹೋದದ್ದು ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಹದಿನಾಲ್ಕನೆಯ ತಿಂಗಳಲ್ಲಿ. ದಾರಿ ಮಟ್ಟವಾಗಿದೆಯೆಂಬ ಭ್ರಮೆಯಲ್ಲಿ ಭಾರದ ಗೇರಿನಲ್ಲೇ ತುಳಿದೆ. ವೇಗ ಏಕೆ ಬರುತ್ತಿಲ್ಲವೆಂದು ಗಾಳಿಯನ್ನು ದೂರಿದೆ, ಟೈರನ್ನು ಒತ್ತಿ ನೋಡಿದೆ. ಹದಿನಾರನೆಯ ಮೈಲಿಯ ಸುಮಾರಿಗೆ, ಫ್ರಾಸ್ಟ್‌ಬರ್ಗ್‌ನಲ್ಲಿ, ಮೊಣಕಾಲು ಊದಿಕೊಂಡಿತು. ಮಗಳು ಒಬ್ಬಳೇ ಮುಂದೆ ಹೋದಳು. ನನ್ನ ಸೈಕಲ್ಲಿನ ಕಾಲ ಮುಗಿಯಿತೆಂದುಕೊಳ್ಳುತ್ತ ನಾನು ಬೆಂಚಿನ ಮೇಲೆ ಕಾದೆ. ಹಿಂದಿರುಗುವಾಗ ಪೆಡಲನ್ನು ಹೆಚ್ಚುಕಡಿಮೆ ತುಳಿಯದೆಯೇ ಕಂಬರ್‌ಲ್ಯಾಂಡ್ ತಲುಪಿದೆವು. ಹತ್ತಿದ್ದು ಎಂಥ ಏರು ಎಂಬುದು ಆಗ ತಿಳಿಯಿತು.

ಮರುವರ್ಷ ಆಸನವನ್ನು ತುಸು ಎತ್ತರಿಸಿಕೊಂಡೆ. ಆಸನ ತಗ್ಗಾಗಿದ್ದರೆ ಮೊಣಕಾಲು ಅತಿಯಾಗಿ ಮಡಚಿ ಅದರ ಮೇಲೆ ಒತ್ತಡ ಹೆಚ್ಚುತ್ತದೆ. ಮೊದಲಿನಿಂದಲೇ ಹಗುರ ಗೇರು ಹಾಕಿ, ನಿಮಿಷಕ್ಕೆ ಎಂಬತ್ತರ ಸುಮಾರಿಗೆ ಪೆಡಲು ತಿರುಗಿಸುತ್ತ, ಐದೈದು ಮೈಲಿಗೊಮ್ಮೆ ಇಳಿದು ನಿಂತೆ. ನಡೆಯುವವರಿಗಿಂತ ಸ್ವಲ್ಪವೇ ಮುಂದೆ, ಅಷ್ಟೆ. ಆದರೆ ಫ್ರಾಸ್ಟ್‌ಬರ್ಗ್ ದಾಟಿದೆ. ಮುಂದೆ ಮೇಸನ್–ಡಿಕ್ಸನ್ ರೇಖೆ. 1763ರಿಂದ 1767ರವರೆಗೆ ಅಳೆದು ಗುರುತಿಸಿದ ಈ ಗಡಿ ದಾಟಿದರೆ ಪೆನ್ಸಿಲ್ವೇನಿಯ.

ಅನಂತರ ಬಿಗ್ ಸ್ಯಾವೇಜ್ ಸುರಂಗ, ಉದ್ದ 3,294 ಅಡಿ. ಒಳಗೆ ದೀಪಗಳಿದ್ದರೂ ಬಿಸಿಲಿನಿಂದ ನೇರ ಒಳಹೊಕ್ಕ ಕಣ್ಣಿಗೆ ಮೊದಲು ಏನೂ ಕಾಣದು. ಬೆವರಿದ ಮೈಗೆ ಅಲ್ಲಿನ ತಣ್ಣನೆಯ ಗಾಳಿ ತಾಕಿ ನಾನು ನಡುಗಿದೆ. ಹೊರಗೇ ಜಾಕೆಟ್ ತೊಟ್ಟುಕೊಳ್ಳುವುದು ಲೇಸು. ಚಳಿಗಾಲದಲ್ಲಿ ಹಿಮಗಟ್ಟಿ ಸುರಂಗ ಹಾಳಾಗದಂತೆ ಅದರ ಬಾಗಿಲುಗಳನ್ನೇ ಮುಚ್ಚಿಬಿಡುತ್ತಾರೆ. ಒಳಹೊಕ್ಕುವ ಮೊದಲು ಹಿಂದಿರುಗಿ ನೋಡಿ: ಮೇರಿಲ್ಯಾಂಡಿನ ಬೆಟ್ಟಸಾಲುಗಳು ಒಂದರ ಹಿಂದೊಂದು ನೀಲಿಯಾಗುತ್ತ ಹೋಗುತ್ತವೆ.

ಜಲವಿಭಾಜಕದ ಎತ್ತರ 2,392 ಅಡಿ. ಇದರ ಪೂರ್ವಕ್ಕೆ ಬಿದ್ದ ಮಳೆ ಪೊಟೊಮ್ಯಾಕ್ ನದಿಯ ಮೂಲಕ ಅಟ್ಲಾಂಟಿಕ್‌ಗೂ, ಪಶ್ಚಿಮಕ್ಕೆ ಬಿದ್ದದ್ದು ಒಹಾಯೊ, ಮಿಸಿಸಿಪ್ಪಿ ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಗೂ ಹೋಗುತ್ತದೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಅರಬ್ಬೀ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ನೀರು ಹಂಚಿಹೋಗುವಂತೆಯೇ.

ಏರುವ ಶ್ರಮ ಬೇಡವೆನ್ನುವವರು ಕಂಬರ್‌ಲ್ಯಾಂಡಿನಿಂದ ಫ್ರಾಸ್ಟ್‌ಬರ್ಗ್‌ಗೆ ಪ್ರವಾಸಿ ರೈಲಿನಲ್ಲಿ ಸೈಕಲ್ ಸಮೇತ ಹೋಗಬಹುದು. ಅದು ಓಡುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಎರಡನೆಯ ಸಲ ಮಗಳು ಇದನ್ನೇ ಸೂಚಿಸಿದ್ದಳು. ನಾನು ಒಪ್ಪಲಿಲ್ಲ.