ಕಿರುಗುಟ್ಟುವ ಕಮಾನು

ಅಥಣಿ, ರಾಯಬಾಗ, ಕಾಗವಾಡಗಳ ಎರೆಮಣ್ಣಿನ ಹಾದಿಗಳಲ್ಲಿ ಚಕ್ಕಡಿ ಹೂಡುವ ರೈತನು ಅಚ್ಚಿಗೆ ಕೀಲೆಣ್ಣೆ ಹಾಕದೆ ಊರು ಬಿಡುತ್ತಿರಲಿಲ್ಲ. ಒಣಗಿದ ಅಚ್ಚು ಕೂಗುತ್ತದೆ. ಕೂಗುವ ಅಚ್ಚು ಸವೆಯುತ್ತದೆ. ಪುಣೆ-ಬೆಂಗಳೂರು ಹೆದ್ದಾರಿಯ ನಿಪ್ಪಾಣಿಯಿಂದ ಚಿಕ್ಕೋಡಿಯತ್ತ ಹೊರಳುವ ಹಳೆಯ ಕಾಲದ ಮೋಟಾರಿಗೂ ಇದೇ ನಿಯಮ.

1908ರಲ್ಲಿ ಹೊರಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಮುಂದೊಂದು, ಹಿಂದೊಂದು ಅಡ್ಡ ಕಮಾನು. ಉದ್ದ ಕಡಿಮೆಯಾಗುತ್ತ ಹೋಗುವ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಗಿದದ್ದೇ ಕಮಾನು. ಗಾಲಿ ತಗ್ಗಿಗೆ ಇಳಿದಾಗ ಪಟ್ಟಿಗಳು ಬಾಗಿ ಪರಸ್ಪರ ಜಾರುತ್ತವೆ. ನಡುವೆ ಧೂಳು, ತುಕ್ಕು ಸೇರಿದರೆ ಕಿರುಗುಟ್ಟುತ್ತವೆ. ಆಗ ಕಾರಿನ ಚೌಕಟ್ಟನ್ನು ಜಾಕಿನಿಂದ ಎತ್ತಿ, ಭಾರ ತಪ್ಪಿದ ಪಟ್ಟಿಗಳ ಸಂದಿಯನ್ನು ತುಸು ಅಗಲಿಸಿ, ಒರೆಸಿ, ಗ್ರಾಫೈಟ್ ಬೆರೆಸಿದ ಗ್ರೀಸನ್ನು ಸವರಬೇಕು. ಒರೆಸದೆ ಹಚ್ಚಿದ ಗ್ರೀಸು ಧೂಳಿನೊಡನೆ ಕೂಡಿ ಸಾಣೆಕಲ್ಲಿನಂತೆ ಲೋಹವನ್ನೇ ತೇಯುತ್ತದೆ.

‘ಕಟಕಟ’ ಸದ್ದು ಬೇರೆ ಜಾತಿಯದು. ಕಮಾನಿನ ತುದಿಯ ಕೊಂಡಿಯಲ್ಲಿರುವ ಬೋಲ್ಟು ಮತ್ತು ಬುಷ್ಷು ಸವೆದು ಸಡಿಲಾದುದರ ಗುರುತು ಅದು. ಗ್ರೀಸು ಅದನ್ನು ನಾಲ್ಕು ದಿನ ಅಡಗಿಸೀತು, ವಾಸಿಮಾಡದು. ಸದ್ದಡಗಿತೆಂದು ಚಾಲಕನು ನೆಮ್ಮದಿಯಿಂದಿದ್ದರೆ ಒಂದು ದಿನ ಬೋಲ್ಟು ಮುರಿದು, ಅಚ್ಚು ಸರಿದು, ಕಾರು ಹಾದಿ ಬಿಟ್ಟು ಹೋಗಬಹುದು. ಸನ್ನೆಗೋಲಿನಿಂದ ಕೊಂಡಿಯನ್ನು ಮೀಟಿದರೆ ಸಡಿಲು ಕಣ್ಣಿಗೇ ಕಾಣುತ್ತದೆ. ಸವೆದುದನ್ನು ಬದಲಿಸಲೇಬೇಕು, ಇಲ್ಲಿ ಜಿಪುಣತನ ಸಲ್ಲದು.

ಎಣ್ಣೆ ತಾಗಬಾರದ ಸ್ಥಳವೂ ಒಂದುಂಟು. ಆ ಕಾಲದ ಕೆಲವು ಕಾರುಗಳಲ್ಲಿ ಕುಲುಕಾಟವನ್ನು ತಡೆಯುವ ಬಿಲ್ಲೆಗಳು ಒಂದನ್ನೊಂದು ಉಜ್ಜಿಯೇ ಕೆಲಸ ಮಾಡುತ್ತವೆ. ಸದ್ದು ಕೇಳಿತೆಂದು ಅಲ್ಲಿ ಎಣ್ಣೆ ಬಿಟ್ಟರೆ, ತಗ್ಗು ದಾಟಿ ಬಹುದೂರ ಸಾಗಿದರೂ ಕಾರು ಕುಣಿಯುತ್ತಲೇ ಇರುತ್ತದೆ.